ಪಿರಮಿಡ್ಡಿನ ಕಲ್ಲು, ಪಟ್ಟದಕಲ್ಲಿನ ಕಲ್ಲು

ತುಬಚಿಯಲ್ಲಿ ಈಜಿಪ್ಟಿನ ಪಾಠ ಹೇಳಿದಾಗಲೆಲ್ಲ ವಿದ್ಯಾರ್ಥಿಗಳಿಂದ ಎರಡು ಪ್ರಶ್ನೆಗಳು ಬರುತ್ತಿದ್ದವು. ಯಂತ್ರಗಳಿಲ್ಲದ ಕಾಲದಲ್ಲಿ ಪಿರಮಿಡ್ಡುಗಳನ್ನು ಕಟ್ಟಿದವರು ಯಾರು? ನಾಲ್ಕೂವರೆ ಸಾವಿರ ವರ್ಷ ಅವು ಕುಸಿಯದೆ ನಿಂತದ್ದು ಹೇಗೆ? ತರಗತಿಯ ಅವಧಿಯಲ್ಲಿ ಹೇಳಿ ಮುಗಿಯದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರವನ್ನು ಅರಿಯಲು ನಮ್ಮದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲೂ ನೆರವಾಗುತ್ತದೆ.

ಮೊದಲು ಬಾಳಿಕೆಯ ವಿಚಾರ. ಗೀಝಾದಲ್ಲಿರುವ ಖುಫುವಿನ ಮಹಾ ಪಿರಮಿಡ್ಡು ಕ್ರಿ.ಪೂ. 2560ರ ಸುಮಾರಿನದು. ತಳದ ಪ್ರತಿ ಬದಿ ಸುಮಾರು 230 ಮೀಟರ್, ಮೂಲ ಎತ್ತರ ಸುಮಾರು 146 ಮೀಟರ್, ಕಲ್ಲುಗಳು ಅಂದಾಜು 23 ಲಕ್ಷ. ಅಗಲವಾದ ತಳ, ಮೇಲೇರಿದಂತೆ ಕಡಿಮೆಯಾಗುವ ಭಾರ, ಅಡಿಯಲ್ಲಿ ಗಟ್ಟಿ ಬಂಡೆ, ಮಳೆ ವಿರಳವಾದ ಹವೆ; ಬಾಳಿಕೆಯ ಗುಟ್ಟು ಇಷ್ಟೇ. ಆದರೆ ಈ ವಿದ್ಯೆ ಒಮ್ಮೆಲೇ ಸಿದ್ಧಿಸಿದ್ದಲ್ಲ. ಅದಕ್ಕೂ ಮೊದಲು ಸಕ್ಕಾರಾದಲ್ಲಿ ಜೋಸೆರ್ ಅರಸನಿಗಾಗಿ ಆರು ಮೆಟ್ಟಿಲಿನ ಪಿರಮಿಡ್ಡು ಎದ್ದಿತ್ತು. ಖುಫುವಿನ ತಂದೆ ಸ್ನೆಫ್ರು ದಹಶೂರಿನಲ್ಲಿ ಕಟ್ಟಿಸಿದ ಪಿರಮಿಡ್ಡಿನ ಇಳಿಜಾರನ್ನು ಅರ್ಧದಲ್ಲಿಯೇ ಸುಮಾರು 54 ಡಿಗ್ರಿಯಿಂದ 43ಕ್ಕೆ ಇಳಿಸಿದರು. ಅದು ಇಂದಿಗೂ ಬಾಗಿದ ಪಿರಮಿಡ್ಡೆಂದೇ ಪ್ರಸಿದ್ಧ.

ನಮ್ಮಲ್ಲಿಯೂ ಹಾಗೆಯೇ. ಚಾಲುಕ್ಯ ಶಿಲ್ಪಿಗಳು ಐಹೊಳೆಯಲ್ಲಿ ಬಗೆಬಗೆಯ ವಿನ್ಯಾಸಗಳನ್ನು ಮಾಡಿನೋಡಿದರು. ಆ ಅನುಭವದ ಪಕ್ವಫಲ ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲ. ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಗಾರೆಯ ಹಂಗಿಲ್ಲದೆ ಮರಳುಗಲ್ಲಿನ ಮೇಲೆ ಮರಳುಗಲ್ಲನ್ನು ಕೂಡಿಸಿದ ಕಟ್ಟಡವಿದು. ವಿಮಾನವು ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಏರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನುಗ್ಗಿತು. ಅದೇ ತಿಂಗಳು ಕೃಷ್ಣೆ ನಮ್ಮ ಜಮಖಂಡಿ ತಾಲೂಕಿನ ದಂಡೆಯ ಹಳ್ಳಿಗಳಿಗೆ ಹೊಕ್ಕಳು. ಮಣ್ಣಿನ ಗೋಡೆಗಳು ಕರಗಿ ಬಿದ್ದವು, ಆ ಕಲ್ಲಿನ ಗುಡಿಗಳು ನಿಂತವು.

ಇನ್ನು ಕಟ್ಟಿದವರ ವಿಚಾರ. ಚಾಟಿಯೇಟು ತಿಂದ ಗುಲಾಮರು ಕಟ್ಟಿದರೆಂಬ ಮಾತು ಬಹುಕಾಲ ರೂಢಿಯಲ್ಲಿತ್ತು. 1990ರಲ್ಲಿ ಗೀಝಾದಲ್ಲಿ ಕೆಲಸಗಾರರ ಗೋರಿಗಳು ಕಂಡವು. ಅವರ ವಸತಿ, ರೊಟ್ಟಿ ಸುಡುವ ಒಲೆಗಳೂ ಸಿಕ್ಕಿವೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕ ತನ್ನ ತಂಡ ತುರಾದಿಂದ ಗೀಝಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ದಿನಚರಿಯಿದೆ. ಜೋಸೆರನ ಪ್ರತಿಮೆಯ ಪೀಠದಲ್ಲಿ ಇಂಹೋಟೆಪ್ಪನ ಹೆಸರಿದೆ. ವಿರೂಪಾಕ್ಷ ದೇಗುಲದ ಹಳಗನ್ನಡ ಶಾಸನದಲ್ಲಿಯೂ ಸೂತ್ರಧಾರಿ ಅನಿವಾರಿತಾಚಾರಿ ಗುಂಡನ ಹೆಸರಿದೆ. ಅರಸನ ಮನ್ನಣೆ ಪಡೆದ ಈ ಶಿಲ್ಪಿಗೆ ತ್ರಿಭುವನಾಚಾರಿ ಎಂಬ ಬಿರುದಿತ್ತು. ದುಡಿದವನ ಹೆಸರನ್ನು ಕಲ್ಲಿಗೆ ಒಪ್ಪಿಸಿದ ಕಾಲವನ್ನು ಹೀನವೆನ್ನಲಾಗದು.

ಕಾಲಕ್ಕಿಂತ ಹೆಚ್ಚಾಗಿ ಮನುಷ್ಯನೇ ಕಲ್ಲಿಗೆ ಶತ್ರು. ಮಹಾ ಪಿರಮಿಡ್ಡಿನ ನುಣುಪಾದ ಹೊರಹೊದಿಕೆಯ ಕಲ್ಲುಗಳನ್ನು ಮಧ್ಯಯುಗದಲ್ಲಿ ಕೈರೋದ ಕಟ್ಟಡಗಳಿಗೆ ಒಯ್ದರು. ನಮ್ಮ ನಾಡಿನಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿವೆ. 1987ರಿಂದ ಪಟ್ಟದಕಲ್ಲಿಗೆ ವಿಶ್ವ ಪರಂಪರೆಯ ಮಾನ್ಯತೆಯಿದೆ; ಊರ ಹೊರಗಿನ ಒಂಟಿ ಕಲ್ಲಿಗೆ ಊರವರೇ ಕಾವಲು. ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮೂರಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದರ ಮೇಲೆ ಸುಣ್ಣ ಬಳಿಯಲು ಬಿಡಬೇಡಿ, ಗೋಡೆಗೆ ಸೇರಿಸಲು ಬಿಡಬೇಡಿ. ಅದರಲ್ಲಿ ಇನ್ನೊಬ್ಬ ಗುಂಡನ ಹೆಸರಿರಬಹುದು.