ಇಬ್ಬರು ಅಜ್ಜಂದಿರ ಪತ್ರಗಳು

ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್, ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್... ಇವರ ಪತ್ರಗಳನ್ನು ಓದುತ್ತಾ ಕೂತರೆ ನನಗೆ ಹೊತ್ತು ಹೋಗಿದ್ದೇ ಗೊತ್ತಾಗೋಲ್ಲ. ಹಳೇ ಗೆಳೆಯರು 1800ರ ಚುನಾವಣೆಯಲ್ಲಿ ಎದುರಾಳಿಗಳಾದರು. ಸೋತ ಆಡಮ್ಸ್, ಜೆಫರ್ಸನ್ ಪ್ರಮಾಣವಚನಕ್ಕೂ ನಿಲ್ಲದೆ ಊರು ಬಿಟ್ಟ. ಆಮೇಲೆ ವರ್ಷಗಟ್ಟಲೆ ಮಾತಿಲ್ಲ. ಇಬ್ಬರಿಗೂ ಬೇಕಾದ ಡಾಕ್ಟರ್ ಬೆಂಜಮಿನ್ ರಶ್ ಹಿಂದೆ ಬಿದ್ದು ರಾಜಿ ಮಾಡಿಸಿದ.

1812ರ ಜನವರಿ 1ರಂದು ಆಡಮ್ಸ್ ಬರೆದ: ಮನೆಯಲ್ಲೇ ನೇಯ್ದ ಎರಡು ತುಂಡು ಬಟ್ಟೆ ಕಳಿಸ್ತಿದ್ದೀನಿ. ಪಾರ್ಸೆಲ್‌ಗಿಂತ ಪತ್ರ ಮೊದಲು ತಲುಪಿತು. ಜೆಫರ್ಸನ್ ನಿಜವಾದ ಬಟ್ಟೆ ಅಂತಲೇ ನಂಬಿ, ವರ್ಜೀನಿಯಾದ ಮನೆಮನೆಯ ನೇಯ್ಗೆಯ ಬಗ್ಗೆ ಉತ್ತರ ಬರೆದುಬಿಟ್ಟ! ಬಂದದ್ದು ಆಡಮ್ಸ್ ಮಗನ ಉಪನ್ಯಾಸಗಳ ಎರಡು ಸಂಪುಟ :)

ಅದೇ ಉತ್ತರದಲ್ಲಿ ಜೆಫರ್ಸನ್, ರಾಜಕೀಯ ಬಿಟ್ಟಾಯ್ತು ಅನ್ನುತ್ತಾ ಆರೋಗ್ಯಕ್ಕೆ ಇಳೀತಾನೆ. ದಿನಾ ಮೂರ್ನಾಲ್ಕು ಗಂಟೆ ಕುದುರೆ ಸವಾರಿ, ಆದರೆ ಒಂದು ಮೈಲಿ ನಡೆಯೋದೂ ಕಷ್ಟ. ಅವನಿಗಿಂತ ಏಳು ವರ್ಷ ದೊಡ್ಡವನಾದ ಆಡಮ್ಸ್, ನಾನು ಮೂರ್ನಾಲ್ಕು ಮೈಲಿ ನಡೀತೀನಿ ಅಂತಾನೆ. ಕೈ ಮಾತ್ರ ನಡುಗುತ್ತಂತೆ, ಮಣ್ಣು ಸೇರಿದ ಮೇಲೇ ಅದು ವಾಸಿಯಾಗೋದಂತೆ. ನನ್ನ ಪ್ರಕಾರ ನಿಜವಾದ ರಾಜಿ ಆಗಿದ್ದು ಇಲ್ಲಿ, ಮೈಕೈ ನೋವಿನ ಮಾತಲ್ಲಿ.

ಮರುವರ್ಷವೇ ಹಳೇ ರಾಜಕೀಯ ಮತ್ತೆ ಕೆದಕಿತು. ಸಾಯೋ ಮೊದಲು ನಾವಿಬ್ಬರೂ ಒಬ್ಬರಿಗೊಬ್ಬರು ವಿವರಣೆ ಕೊಟ್ಟುಕೊಳ್ಳಬೇಕು ಅಂತ ಹಟ ಹಿಡಿದವನು ಆಡಮ್ಸ್. 1826ರವರೆಗೆ 158 ಪತ್ರ. ಅದರಲ್ಲಿ 109 ಆಡಮ್ಸ್‌ನದ್ದೇ! ಜೆಫರ್ಸನ್‌ಗೆ ಪ್ಯಾರಿಸ್‌ನಲ್ಲಿ 1786ರಲ್ಲಿ ಮುರಿದಿದ್ದ ಮಣಿಕಟ್ಟಿನ ಕಾಟ. ಸಾಲದ್ದಕ್ಕೆ 1820ರ ಒಂದೇ ವರ್ಷ ಅವನಿಗೆ ಬಂದ ಪತ್ರಗಳು 1267. ಆಡಮ್ಸ್‌ಗೆ ಬೇಜಾರಿಲ್ಲ. ನಿನ್ನ ಒಂದು ಪತ್ರ ನನ್ನ ನಾಲ್ಕಕ್ಕಿಂತ ಹೆಚ್ಚು ಅಂತ 1813ರಲ್ಲೇ ಬರೆದಿದ್ದ.