ಅತಿಶೀತ ನಿರ್ವಾತ ಕೋಣೆಯಲ್ಲಿ ರಾಕೆಟ್ ಎಂಜಿನ್ ಪರೀಕ್ಷೆ

ಬಾಹ್ಯಾಕಾಶದ ಚಳಿ ಮತ್ತು ನಿರ್ವಾತಗಳನ್ನು ಅತಿಶೀತ ದ್ರವಗಳ ನೆರವಿನಿಂದ ನೆಲದ ಮೇಲೆಯೇ ಉಂಟುಮಾಡಿ ಎಂಜಿನ್ನನ್ನು ಪರೀಕ್ಷಿಸುವ ವಿಧಾನ. ಉಕ್ಕಿನ ಕೋಣೆಯ ಒಳಮೈಗೆ ಕಪ್ಪು ಬಣ್ಣದ ಫಲಕಗಳನ್ನು ಹೊದಿಸಿ, ಅವುಗಳ ಕೊಳವೆಗಳಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕ ಹರಿಸುತ್ತಾರೆ. ಪಂಪ್‌ಗಳು ಗಾಳಿಯನ್ನು ಹೊರಹಾಕಿದ ಮೇಲೆ ಒಳಗುಳಿದ ನೀರಾವಿ ಫಲಕಕ್ಕೆ ತಗುಲಿದೊಡನೆ ಹೆಪ್ಪುಗಟ್ಟುತ್ತದೆ. ಗಾಳಿಯ ಸಾರಜನಕ, ಆಮ್ಲಜನಕಗಳು ಅಷ್ಟಕ್ಕೆ ಬಗ್ಗುವುದಿಲ್ಲ; ಅವನ್ನು ಹಿಡಿಯಲು ಹೀಲಿಯಂನಿಂದ ಸುಮಾರು 20 ಕೆಲ್ವಿನ್‌ಗೆ ಇಳಿಸಿದ ಫಲಕ ಬೇಕು. ಹೀಗೆ ಅನಿಲವನ್ನು ಹೆಪ್ಪುಗಟ್ಟಿಸಿ ಹಿಡಿಯುವ ಸಾಧನವೇ ಕ್ರಯೋಪಂಪ್.

ಎಂಜಿನ್ ಹೊತ್ತಿಕೊಂಡೊಡನೆ ಅದು ಉಗುಳುವ ಅನಿಲವೇ ಸುತ್ತಲಿನ ನಿರ್ವಾತವನ್ನು ಕೆಡಿಸುತ್ತದೆ. ಈ ಪರೀಕ್ಷೆಯ ಇತಿಹಾಸವೆಲ್ಲ ಆ ಒಂದು ತೊಡಕಿನೊಡನೆ ನಡೆದ ಹೋರಾಟ. ಅಮೆರಿಕದ ಓಹಾಯೋದಲ್ಲಿ ನಾಸಾ 1960ರ ದಶಕದಲ್ಲಿ ಕಟ್ಟಿದ ಬಿ-2 ಕೇಂದ್ರದಲ್ಲಿ ಸೆಂಟಾರ್ ರಾಕೆಟ್ ಹಂತವನ್ನು ತಣ್ಣನೆಯ ಗೋಡೆಗಳ ನಡುವೆ ನಿಲ್ಲಿಸಿ ಉರಿಸಲಾಯಿತು. ಹೊಗೆಯನ್ನು ಸೆಳೆಯಲು ಹಬೆಯ ಎಜೆಕ್ಟರ್‌ಗಳಿದ್ದವು. ಉಪಗ್ರಹವನ್ನು ತಳ್ಳುವ ಕಿರು ಎಂಜಿನ್‌ಗಳಾದ ಥ್ರಸ್ಟರ್‌ಗಳಿಗಾದರೆ ಶೀತವೇ ಸಾಕು. ಜರ್ಮನಿಯ ಗಟಿಂಗನ್‌ನ ಕೋಣೆಯಲ್ಲಿ 4.2 ಕೆಲ್ವಿನ್‌ನ ದ್ರವ ಹೀಲಿಯಂ ಗೋಡೆಯೇ ಅವುಗಳ ಹೊಗೆಯನ್ನು ಹಿಡಿದಿಡುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಉಪಗ್ರಹಗಳ ಜೊತೆಯಲ್ಲಿ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಮುಂದೆ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಅಂದರೆ ಇಂದಿನ ಯು. ಆರ್. ರಾವ್ ಕೇಂದ್ರದಲ್ಲಿ, 9 ಮೀಟರ್ ವ್ಯಾಸದ ಬೃಹತ್ ನಿರ್ವಾತ ಕೋಣೆ ಎದ್ದಿತು. ಅಲ್ಲಿ ಇಡೀ ಉಪಗ್ರಹವನ್ನೇ ದ್ರವ ಸಾರಜನಕದ ಚಳಿಗೂ ಕೃತಕ ಬಿಸಿಲಿಗೂ ಒಡ್ಡಬಹುದು.

ಎರಡಕ್ಕೂ ಕ್ರಯೋಜೆನಿಕ್ (ಅತಿಶೀತ) ಎಂಬ ಹೆಸರಿದ್ದರೂ ಕ್ರಯೋಜೆನಿಕ್ ಎಂಜಿನ್ ಬೇರೆ, ಕ್ರಯೋಜೆನಿಕ್ ಕೋಣೆ ಬೇರೆ. ಮೊದಲನೆಯದರಲ್ಲಿ ಅತಿಶೀತ ದ್ರವವೇ ಇಂಧನ. ಇಂಥ ಎಂಜಿನ್‌ಗಳನ್ನು ತಯಾರಿಸುವ ಸಮಗ್ರ ಘಟಕ ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನಲ್ಲಿ 2022ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಪರೀಕ್ಷೆ ಮಾತ್ರ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ. ಅಲ್ಲಿನ ಎತ್ತರ-ಪರಿಸ್ಥಿತಿ ಪರೀಕ್ಷಾಲಯದಲ್ಲಿ 2025ರ ಫೆಬ್ರವರಿ 7ರಂದು ಇಸ್ರೋದ ಕ್ರಯೋಜೆನಿಕ್ ಎಂಜಿನ್ ಸಿಇ-20ನ್ನು ನಿರ್ವಾತದಲ್ಲಿ ಹೊತ್ತಿಸಿ ನೋಡಲಾಯಿತು. ಗಗನದಲ್ಲಿ ಎಂಜಿನ್ ಮತ್ತೆ ಹೊತ್ತಿಕೊಳ್ಳಬೇಕಾದರೆ ಈ ಪರೀಕ್ಷೆಗೆ ಬದಲಿಯಿಲ್ಲ.

ಅತಿಶೀತದ ನಿಜವಾದ ಬಲ ಕಾಣುವುದು ವಿದ್ಯುತ್ತಿನಿಂದ ಅನಿಲವನ್ನು ಚಿಮ್ಮಿಸುವ ವಿದ್ಯುತ್ ಥ್ರಸ್ಟರ್‌ಗಳಲ್ಲಿ. ಅವು ಉಗುಳುವ ಕ್ಸೆನಾನ್ ಅನಿಲ ಸೆಕೆಂಡಿಗೆ ಮಿಲಿಗ್ರಾಂಗಳಷ್ಟೇ, ಆದರೆ ತಿಂಗಳುಗಟ್ಟಲೆ. ದ್ರವ ಸಾರಜನಕದ ಫಲಕ ಅದನ್ನು ಪೂರ್ತಿ ಹಿಡಿಯಲಾರದು. ಇನ್ನೂ ತಣ್ಣಗಿನದು ಬೇಕು. ಹೆಪ್ಪುಗಟ್ಟಿದ ಪದರ ದಪ್ಪವಾದಂತೆ ಫಲಕದ ಹಿಡಿತ ಕುಂದುತ್ತದೆ; ಆಗ ಅದನ್ನು ಬೆಚ್ಚಗಾಗಿಸಿ ಅನಿಲವನ್ನು ಹೊರತೆಗೆಯಬೇಕು. ಇಂಥದೇ ಆದ ಇಸ್ರೋದ 300 ಮಿಲಿನ್ಯೂಟನ್ ಪ್ಲಾಸ್ಮಾ ಥ್ರಸ್ಟರ್ ಬಾಹ್ಯಾಕಾಶವನ್ನು ಹೋಲುವ ಕೋಣೆಯಲ್ಲಿ 1000 ಗಂಟೆಗಳ ಬಾಳಿಕೆ ಪರೀಕ್ಷೆಯನ್ನು 2025ರಲ್ಲಿ ಮುಗಿಸಿತು.