ತಂತಿಯೊಳಗಿನ ಬಿಗಿತ: ಅಳೆಯುವವರ ದಾರಿ

ನೀಲಗಿರಿ ದಿಮ್ಮಿಯನ್ನು ಸಾಮಿಲ್ಲಿನಲ್ಲಿ ಉದ್ದಕ್ಕೆ ಸೀಳುವಾಗ ಹಲಗೆ ಬಾಗಿಕೊಂಡು ಗರಗಸವನ್ನೇ ಕಚ್ಚಿ ಹಿಡಿಯುವುದುಂಟು. ಹೊರಗಿನಿಂದ ಯಾರೂ ಜಗ್ಗಿಲ್ಲ, ಅದುಮಿಲ್ಲ. ಮರದೊಳಗೇ ಒಂದು ಪದರ ಇನ್ನೊಂದನ್ನು ಎಳೆದು ಹಿಡಿದಿತ್ತು. ಉಕ್ಕಿನಲ್ಲೂ ಇಂಥ ಬಿಗಿತವಿರುತ್ತದೆ. ಅದೇ ಉಳಿಕೆ ಒತ್ತಡ.

ಕಡಲ ತಳದ ತೈಲ, ಅನಿಲವನ್ನು ಮೇಲಿನ ಹಡಗಿಗೆ ಮುಟ್ಟಿಸುವ ಫ್ಲೆಕ್ಸಿಬಲ್ ಪೈಪಿನ ತೂಕ ಹೊರುವುದು ಅದರ ಮೈಗೆ ಸುರುಳಿಯಾಗಿ ಸುತ್ತಿದ ಚಪ್ಪಟೆ ಉಕ್ಕಿನ ತಂತಿಗಳು. ದಪ್ಪ ಕೆಲವೇ ಮಿಲಿಮೀಟರ್, ಅಗಲ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ರೋಲರುಗಳ ನಡುವೆ ಚಪ್ಪಟೆಯಾಗಿ, ಉರುಳೆಗೆ ಸುತ್ತಿಕೊಂಡು, ಮತ್ತೆ ನೆಟ್ಟಗಾಗಿ, ಕೊನೆಗೆ ಪೈಪಿನ ಮೇಲೆ ಬಾಗುವಷ್ಟರಲ್ಲಿ ಪ್ರತಿ ಹಂತವೂ ತಂತಿಯೊಳಗೆ ಗುರುತು ಬಿಟ್ಟಿರುತ್ತದೆ. ಸೋಜಿಗವೆಂದರೆ, ಬಾಗಿಸುವಾಗ ಹಿಗ್ಗಿದ ಹೊರಮೈ ಬಿಟ್ಟ ಮೇಲೆ ಅದುಮಿದ ಸ್ಥಿತಿಯಲ್ಲಿ ಉಳಿಯುತ್ತದೆ, ಕುಗ್ಗಿದ್ದ ಒಳಮೈ ಎಳೆತದಲ್ಲಿ. ಎಳೆತವಿದ್ದ ಕಡೆ ಬಿರುಕು ಬೇಗ ಬಾಯಿ ಬಿಡುತ್ತದೆ. ಬ್ರೆಜಿಲ್ ಕಡಲಲ್ಲಿ 2017ರಲ್ಲಿ ಪೈಪೊಂದರ ತಂತಿಗಳು ಬಿರುಕುಬಿಟ್ಟದ್ದು ನೀರು, ಕಾರ್ಬನ್ ಡೈಆಕ್ಸೈಡ್, ಎಳೆತ ಮೂರೂ ಕೂಡಿದ್ದರಿಂದ.

ಅಳೆಯುವ ಹಳೆಯ ದಾರಿ ಕೆಡಿಸಿ ನೋಡುವುದು. 1934ರಲ್ಲಿ ಮಾಥರ್ ಎಂಬ ಜರ್ಮನ್ ಎಂಜಿನಿಯರ್ ಲೋಹಕ್ಕೆ ಸಣ್ಣ ತೂತು ಕೊರೆದು, ಸುತ್ತಲಿನ ಮೈ ಎಷ್ಟು ಸಡಿಲವಾಯಿತೆಂದು ಅಳೆದ. ಮೈಯ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಬಂದ ಮೇಲೆ ಕೆಲಸ ಹಗುರವಾಯಿತು. 1981ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂ ಇದಕ್ಕೊಂದು ಮಾನಕವನ್ನೇ ತಂದಿತು. ಆದರೆ ಆ ಲೆಕ್ಕದ ಕೋಷ್ಟಕಗಳು ಅಗಲವಾದ ಫಲಕಕ್ಕೆ ಹೊಂದಿಸಿದವು. ನಮ್ಮ ತಂತಿಯಲ್ಲಿ 2 ಮಿಲಿಮೀಟರ್ ತೂತಿನ ಪಕ್ಕದಲ್ಲೇ ಅಂಚು ಬಂದುಬಿಡುತ್ತದೆ. ಬಿಗಿತವು ಉಕ್ಕು ಮಣಿಯುವ ಮಿತಿಯ ಹತ್ತಿರವಿದ್ದರೆ ತೂತಿನ ಅಂಚೇ ಮಣಿದು, ಉತ್ತರ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ.

ಕೆಡಿಸದ ದಾರಿ ಎಕ್ಸ್-ರೇ. ಹರಳಿನ ಪರಮಾಣು ಸಾಲುಗಳ ನಡುವಿನ ಅಂತರವನ್ನೇ ಅಳತೆಗೋಲಾಗಿಸುವ ಈ ವಿಧಾನಕ್ಕೆ 1961ರಲ್ಲಿ ಮಾಕೆರಾಖ್ ಮತ್ತು ಮ್ಯೂಲರ್ ಇಂದಿಗೂ ಬಳಕೆಯಲ್ಲಿರುವ ಲೆಕ್ಕ ಕೊಟ್ಟರು. ಕಿರಣ ಉಕ್ಕಿನೊಳಗೆ ಇಳಿಯುವುದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೇ. ಬಿರುಕು ಹುಟ್ಟುವುದು ಮೈಮೇಲೇ ಆದ್ದರಿಂದ ತಂತಿಯ ಮಟ್ಟಿಗೆ ಇದು ಕೊರತೆಯಲ್ಲ, ಅನುಕೂಲ ಎಂಬುದು ನನ್ನ ಅಭಿಪ್ರಾಯ. ಆದರೆ ತುಕ್ಕು ತೆಗೆಯಲು ಯಾರಾದರೂ ಎಮೆರಿ ಕಾಗದದಿಂದ ನಾಲ್ಕು ಸಲ ತಿಕ್ಕಿದರೆ ಸಾಕು, ಆ ತಿಕ್ಕಾಟವೇ ಹೊಸ ಒತ್ತಡ ತುಂಬುತ್ತದೆ. ಆಮೇಲೆ ಯಂತ್ರ ತೋರಿಸುವುದು ತಂತಿಯದ್ದಲ್ಲ, ಕಾಗದದ್ದು. ಅದಕ್ಕೇ ಮೇಲ್ಪದರವನ್ನು ರಾಸಾಯನಿಕ ದ್ರವದಲ್ಲಿ, ವಿದ್ಯುತ್ತಿನಿಂದ ಕರಗಿಸಿ ತೆಗೆಯುತ್ತಾರೆ.

ಒಳಗೆ ಇಣುಕಲು 1980ರ ದಶಕದಲ್ಲಿ ನ್ಯೂಟ್ರಾನ್ ಬಂತು. ಸೆಂಟಿಮೀಟರುಗಟ್ಟಲೆ ಉಕ್ಕನ್ನು ಅದು ದಾಟುತ್ತದೆ. ಆದರೆ ದೊಡ್ಡ ರಿಯಾಕ್ಟರೋ ವೇಗವರ್ಧಕವೋ ಬೇಕು. ಒಂದು ಸಲಕ್ಕೆ ನೋಡುವ ಜಾಗವೇ ಮಿಲಿಮೀಟರಿನಷ್ಟಿರುವುದರಿಂದ ತೆಳು ತಂತಿಯಲ್ಲಿ ಸಿಗುವುದು ಬೆರಳೆಣಿಕೆಯ ಬಿಂದುಗಳು. 2000ದ ಹೊತ್ತಿಗೆ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಮೈಕೆಲ್ ಪ್ರೈಮ್ ಮತ್ತೆ ಕೊಯ್ಯುವ ದಾರಿಗೇ ಮರಳಿದರು: ನೇರವಾಗಿ ಕೊಯ್ದು, ಕೊಯ್ದ ಮೈಯ ಉಬ್ಬುತಗ್ಗು ಅಳೆದು, ಹಿಂದಿದ್ದ ಒತ್ತಡದ ನಕ್ಷೆಯನ್ನೇ ಬಿಡಿಸುವುದು. ಭಾರಿ ಬೆಸುಗೆಗಳಲ್ಲಿ ಇದು ಚೆನ್ನ. ಸಣ್ಣ ತಂತಿಯಲ್ಲಿ ಉಬ್ಬುತಗ್ಗು ತೀರಾ ಕಡಿಮೆ, ಕೊಯ್ತದ ಒರಟಿನಲ್ಲೇ ಕಳೆದುಹೋದೀತು.

ಹೀಗಾಗಿ ಒಂದೇ ವಿಧಾನದ ಅಂಕಿಯನ್ನು ನಾನು ನಂಬಲಾರೆ. ವಿಧಾನ ಯಾವುದೇ ಇರಲಿ, ಪೈಪಿನಿಂದ ಬಿಚ್ಚಿದ ಕ್ಷಣವೇ ತಂತಿ ತುಸು ಸೆಟೆದುಕೊಂಡು ಒಳಗಿನ ಒತ್ತಡವನ್ನು ಬದಲಿಸಿಬಿಟ್ಟಿರುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಅದರ ಬಾಗನ್ನು ಅಳೆದು ಬರೆದಿಡಬೇಕು. ಯಾವ ಮೈ ಪೈಪಿನ ಕಡೆಗಿತ್ತೆಂದು ಬಣ್ಣದ ಪೆನ್ನಿನಿಂದ ಗುರುತು ಹಾಕಬೇಕು. ಕತ್ತರಿಸಿದ ಮೇಲೆ ಎರಡೂ ಮೈ ಒಂದೇ ಥರ ಕಾಣುತ್ತವೆ.